ಕರಡಿಗೆ ತಾಗುವ ಜಾಗ

ಇದನ್ನು ಎಲ್ಲಿಂದ ಶುರು ಮಾಡಿದರೂ ಒಂದು ಸುಳ್ಳು ಬಂದು ಸೇರಿಕೊಳ್ಳುತ್ತದೆ. ಹಾಗಾಗಿ ಬೆರಳಿಟ್ಟು ತೋರಿಸಬಹುದಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಹೆಂಡತಿಯ ಎದೆಯ ನಡುಮೂಳೆಯ ಮೇಲೆ ಒಂದು ಗಾಯದ ಗುರುತಿದೆ. ನನ್ನ ತೋರುಬೆರಳಿನಷ್ಟು ಉದ್ದ. ಇದು ಆ ಜಾಗದ ಎರಡನೆಯ ಗಾಯ. ಮೊದಲನೆಯದು ಕೆಲವು ವರ್ಷಗಳ ಹಿಂದೆ, ಗೋಲಿಯಷ್ಟಿದ್ದ ಒಂದು ಗಂಟನ್ನು ತೆಗೆಸಿದಾಗ ಆದದ್ದು. ಗಂಟು ಹೋಯಿತು, ಹೊಲಿಗೆ ಬಿಚ್ಚಿದರು, ನಾವೂ ಮರೆತೆವು. ಹೊಲಿಗೆಯ ಜಾಗ ಮಾತ್ರ ಮರೆಯಲಿಲ್ಲ. ಮೆಲ್ಲಗೆ ಉಬ್ಬಿತು, ಕೆಂಪಾಯಿತು, ಗಾಯದ ಅಂಚು ದಾಟಿ ಆಚೀಚೆಯ ಒಳ್ಳೆಯ ಚರ್ಮದ ಮೇಲೂ ಹರಿಯಿತು. ಸೆರಗು ತಾಗಿದರೆ ಉರಿ, ಬೆವರಿದರೆ ತುರಿಕೆ. ಮಾತಾಡುತ್ತ ಕೂತವಳು ಇದ್ದಕ್ಕಿದ್ದಂತೆ ತುಟಿ ಕಚ್ಚಿ ಒಂದು ಕ್ಷಣ ಸುಮ್ಮನಾಗುವಳು. ಒಳಗೆ ಸೂಜಿ ಚುಚ್ಚಿದಂತಾಗುತ್ತದೆ ಎನ್ನುವಳು.

ಕಳೆದ ಬೇಸಿಗೆ ಶುರುವಾಗುವ ಮೊದಲು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿ ತೆಗೆಸಿದೆವು. ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಗಾಯದ ಸುತ್ತ ಒಂದು ಇಂಜೆಕ್ಷನ್ ಕೊಟ್ಟು, ಕೈ ತೊಳೆದುಕೊಂಡು ಬಂದು ನಮ್ಮೆದುರು ಕೂತರು. ಅವರೂ ದಣಿದಿದ್ದರು.

"ಕತ್ತರಿಸೋದು ಅರ್ಧ ಗಂಟೆ ಕೆಲಸ. ಮತ್ತೆ ಬರದಂಗೆ ನೋಡ್ಕೊಳ್ಳೋದು ಆರು ತಿಂಗಳ ಕೆಲಸ, ಅದು ನಿಮ್ದು. ಮತ್ತೆ ಬಂತು ಅಂದ್ರೆ ಮೊದಲಿಗಿಂತ ದೊಡ್ಡದಾಗಿ ಬರಬಹುದು. ಮೂರನೇ ಸಲ ನಾನು ಕತ್ತಿ ಹಾಕಲ್ಲ, ಈಗ್ಲೇ ಹೇಳಿದೀನಿ."

ಗಾಯ ಪೂರ್ತಿ ಒಣಗಿದ ಮೇಲೆ ಅದು ಉಬ್ಬದಂತೆ ತಡೆಯುವ ತೆಳ್ಳನೆಯ ಸಿಲಿಕೋನ್ ಶೀಟು ಅಂಟಿಸಬೇಕು. ದಿನವೆಲ್ಲ ಇರಬೇಕು, ಸ್ನಾನಕ್ಕೆ ಮಾತ್ರ ತೆಗೆಯಬೇಕು. ಕೊಡ ಎತ್ತಬಾರದು, ಅಟ್ಟಕ್ಕೆ ಕೈ ಚಾಚಬಾರದು, ಎದೆಯ ಚರ್ಮ ಎಳೆಯಬಾರದು. ಬಿಸಿಲು ಬೀಳಬಾರದು. ತುರಿಕೆ ಶುರುವಾದರೆ, ಮುಟ್ಟಿದಾಗ ಗಟ್ಟಿ ಅನ್ನಿಸಿದರೆ ಅದೇ ವಾರ ಬರಬೇಕು. ಇನ್ನೊಂದು ಮಾತು ಅಂದರು, "ಎದೆಗೆ ಇಳಿಯೋ ಒಡವೆ ಯಾವುದೂ ಬೇಡ. ಸರ, ತಾಳಿ, ಏನೂ ಅಲ್ಲಿ ಉಜ್ಜಬಾರದು."

ಅವಳು ಅಲ್ಲೇ ಕೂತಲ್ಲೇ ಸರ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಚಳ್ಳಕೆರೆಗೆ ಬಂದ ಮೇಲೆ ತಾಳಿಯ ಕರಿಮಣಿಯನ್ನು ಕುತ್ತಿಗೆಗೆ ಅಂಟುವಷ್ಟು ಗಿಡ್ಡ ಮಾಡಿಸಿಕೊಂಡಳು. ಇಷ್ಟು ವಿಧೇಯ ರೋಗಿಯನ್ನು ಆ ಡಾಕ್ಟರು ನೋಡಿರಲಿಕ್ಕಿಲ್ಲ ಎಂದು ನನಗೆ ಹೆಮ್ಮೆಯಾಯಿತು. ಹೆಮ್ಮೆ ಆಗಲೇ ಆಯಿತೋ, ಈಗ ಬರೆಯುವಾಗ ಸೇರಿಸಿದೆನೋ ಗೊತ್ತಿಲ್ಲ. ಇರಲಿ.

ಬೆಳಿಗ್ಗೆಯ ಕೆಲಸ ನನ್ನ ಪಾಲಿಗೆ ಬಂತು. ಶೀಟನ್ನು ಸೋಪಿನ ನೀರಲ್ಲಿ ತೊಳೆದು, ಕೈಯಾಡಿಸಿ ಒಣಗಿಸಬೇಕು. ಅವಳು ಸ್ನಾನ ಮುಗಿಸಿ ಬಂದು ಚಾಪೆಯ ಮೇಲೆ ಅಂಗಾತ ಮಲಗುತ್ತಾಳೆ. ಗಾಯವನ್ನು ಬೆರಳ ತುದಿಯಿಂದ ಮೇಲಿಂದ ಕೆಳಗೆ ಒತ್ತಿ ನೋಡಬೇಕು. ನಿಧಾನವಾಗಿ ಉಬ್ಬುವುದು ಸ್ವಂತ ಬೆರಳಿಗೆ ತಿಳಿಯುವುದಿಲ್ಲ, ಇನ್ನೊಬ್ಬರು ನೋಡುವುದು ಒಳ್ಳೆಯದು ಎಂದು ಡಾಕ್ಟರೇ ಹೇಳಿದ್ದರು. ಆಮೇಲೆ ಒಂದು ಸುಕ್ಕೂ ಇಲ್ಲದಂತೆ ಶೀಟು ಅಂಟಿಸಿ, ಅದರ ನಾಲ್ಕೂ ಅಂಚಿಗೆ ಕಾಗದದ ಟೇಪು ಹಾಕಬೇಕು. ಚಳ್ಳಕೆರೆಯ ಏಪ್ರಿಲ್ ತಿಂಗಳಲ್ಲಿ ಮನುಷ್ಯನ ಮೈಗೆ ಏನೂ ಅಂಟಿಕೊಂಡು ನಿಲ್ಲುವುದಿಲ್ಲ. ಹನ್ನೊಂದು ಗಂಟೆಗೆಲ್ಲ ಬೆವರಿಗೆ ಶೀಟು ಜಾರಿ ಅವಳ ಹೊಟ್ಟೆಯ ಮೇಲೆ ಬಿದ್ದಿರುತ್ತಿತ್ತು. ಮನೆಯಿಂದ ಫೋನು.

"ರೀ, ಬಿತ್ತು."

ನಾನು ನನ್ನ ಬಿತ್ತನೆ ಬೀಜದ ಅಂಗಡಿಯಿಂದ ಎದ್ದು ಮನೆಗೆ ಹೋಗಿ, ತೊಳೆದು, ಒಣಗಿಸಿ, ಮತ್ತೆ ಅಂಟಿಸಿ ಬರುವೆ. ಹೋಗುವುದು, ಬರುವುದು. ಆ ತಿಂಗಳುಗಳಲ್ಲಿ ಇನ್ನೇನು ನಡೆಯಿತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ಪಕ್ಕದ ಅಂಗಡಿ ಟೈರಿನದು. ಅದನ್ನು ನಡೆಸುವವನೂ ನಾನೂ ಶಾಲೆಯಿಂದ ಜೊತೆ. ಒಂದು ದಿನ ಕೇಳಿದ, "ಏನ್ಲೇ, ದಿನಾ ಎದ್ದೆದ್ದು ಮನೆಗೆ ಓಡ್ತೀಯ? ಗಿರಾಕಿ ಮೂರ್ ಜನ ಬಂದು ಹೋದ್ರು."

"ಮನೇಲಿ ಪಟ್ಟಿ ಹಚ್ಚೋದಿತ್ತಲೇ."

"ಪಂಚರ್ ಪಟ್ಟಿನಾ? ನನ್ ಹತ್ರ ತಂದಿದ್ರೆ ಎರಡ್ ನಿಮಿಷದಾಗೆ ಹಚ್ಚಿ, ಉಜ್ಜಿ, ಗಾಳಿ ಹಾಕಿ ಕಳಿಸ್ತಿದ್ದೆ."

ಎಲ್ಲಿಗೆ, ಯಾರಿಗೆ ಎಂದು ಹೇಳಿದೆ. ಅವನ ಮುಖ ಇಳಿದುಹೋಯಿತು. "ತಪ್ಪಾತು ಕಣಲೇ, ಬಿಡು," ಎಂದು ಟ್ಯೂಬು ಮುಳುಗಿಸುವ ನೀರಿನ ತೊಟ್ಟಿಯ ಕಡೆ ತಿರುಗಿದವನು ಆ ದಿನವೆಲ್ಲ ನನ್ನ ಕಡೆ ನೋಡಲಿಲ್ಲ.

ನಮ್ಮವ್ವನದು ಬೇರೆ ಶಾಸ್ತ್ರ. ಅವಳು ನಮ್ಮ ಜೊತೆಗೇ ಇದ್ದಾಳೆ. ಚಾಪೆಯ ಹತ್ತಿರ ಬಂದು ಕೂತು ಎಲ್ಲವನ್ನೂ ನೋಡುತ್ತಿದ್ದಳು.

"ಹರಳೆಣ್ಣಿ ಬೆಚ್ಚಗೆ ಮಾಡಿ ತಿಕ್ಕೋ. ನಿಮ್ಮಪ್ಪನ ಕಾಲು ಎತ್ತು ತುಳಿದಾಗ ಅದನ್ನೇ ಹಚ್ಚಿದ್ದು. ಕಲೆನಾದ್ರೂ ಉಳೀತಾ?"

"ಎಣ್ಣೆ ಹಚ್ಚಿದ್ರೆ ಶೀಟು ಅಂಟಲ್ಲವ್ವಾ."

"ಈಗ ಅಂಟೈತಾ? ಅಂಟದ ಶೀಟಿಗೆ ಇಷ್ಟು ಉಪಚಾರ ಮಾಡ್ತೀಯಲ್ಲ, ನನಗೆ ಒಂದಿನ ಕಾಲು ಒತ್ತಿದೀಯಾ?"

ಹೆಂಡತಿ ನಕ್ಕಳು. ನಗುವಾಗ ಎದೆ ಎಳೆಯಿತು. "ಅತ್ತೀ, ನಗಿಸಬ್ಯಾಡ್ರಿ, ಡಾಕ್ಟ್ರು ಬೈತಾರೆ" ಎಂದು ಗಾಯದ ಎರಡೂ ಕಡೆ ಅಂಗೈ ಒತ್ತಿ ಹಿಡಿದುಕೊಂಡಳು.

ಮೇ ಕೊನೆಯಲ್ಲಿ ಒಂದು ವಿಚಿತ್ರ ಗಮನಿಸಿದೆ. ಶೀಟು ಎಲ್ಲ ಕಡೆ ಸಮನಾಗಿ ಹಳತಾಗುತ್ತಿರಲಿಲ್ಲ. ಮೇಲಿನ ಭಾಗ ಹೊಸದರಂತೆಯೇ ಇರುತ್ತಿತ್ತು. ಕೆಳಗಿನ ತುದಿಯಲ್ಲಿ ಮಾತ್ರ ದುಂಡಗೆ ಒಂದು ಜಾಗ ಸವೆದು, ಮಾಸಿ, ಅಂಚು ಸುರುಳಿಯಾಗುತ್ತಿತ್ತು. ಶೀಟೇ ಕಳಪೆ ಇರಬೇಕು ಎಂದು ಬೇರೆ ತರಿಸಿದೆ. ಹತ್ತು ದಿನದಲ್ಲಿ ಅದರಲ್ಲೂ ಅಲ್ಲೇ, ಅಷ್ಟೇ ದುಂಡಗೆ. ಟೇಪನ್ನು ಎರಡು ಸುತ್ತು ಹಾಕಿದೆ. ಮತ್ತೆ ಅದೇ.

ಈಗ ಆ ಬೆಳಿಗ್ಗೆಯ ಬಗ್ಗೆ ಬರೆಯಬೇಕು. ಎರಡು ಮೂರು ಸಲ ಬರೆದು ಹೊಡೆದುಹಾಕಿದ್ದೇನೆ.

ಜೂನ್ ತಿಂಗಳು. ಒಂದು ಹದ ಮಳೆ ಆಗಿತ್ತು. ಶೇಂಗಾ ಬಿತ್ತನೆ. ಅಂಗಡಿಯ ಮುಂದೆ ಏಳು ಗಂಟೆಗೇ ಜನ. ದೊಡ್ಡಉಳ್ಳಾರ್ತಿ ಕಡೆಯ ಒಬ್ಬರು ಟ್ರಾಕ್ಟರು ತಂದು ನಿಲ್ಲಿಸಿಕೊಂಡು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಅವಳು ಚಾಪೆಯ ಮೇಲೆ ಮಲಗಿದ್ದಳು. ನಾನು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯ ಬೆರಳಿನಿಂದ ಗಾಯವನ್ನು ಮೇಲಿಂದ ಕೆಳಗೆ ಒತ್ತಿದೆ.

"ಕೆಳಗಡೆ ಸ್ವಲ್ಪ ತುರಿಸ್ದಂಗೆ ಆಗ್ತೈತ್ರಿ. ಗಟ್ಟಿ ಐತಾ ನೋಡ್ರಿ."

"ಏನಿಲ್ಲ."

ಇಷ್ಟೇ ನಡೆದದ್ದು. ಬೆರಳಿಗೆ ಏನೂ ಸಿಗಲಿಲ್ಲ, ಅದಕ್ಕೇ ಏನಿಲ್ಲ ಎಂದೆ ಎಂದು ಬರೆದರೆ ನಾನು ಒಳ್ಳೆಯವನು. ಬೆರಳಿಗೆ ಅಕ್ಕಿಕಾಳಿನಷ್ಟು ಗಟ್ಟಿ ಸಿಕ್ಕಿತು, ದಾವಣಗೆರೆಗೆ ಹೋದರೆ ಬಿತ್ತನೆಯ ಒಂದು ದಿನ ಹಾಳು ಎಂದು ಲೆಕ್ಕ ಹಾಕಿ ಏನಿಲ್ಲ ಎಂದೆ ಎಂದು ಬರೆದರೆ ನಾನು ಕೆಟ್ಟವನು, ಆದರೆ ಕತೆ ನೆಟ್ಟಗಿರುತ್ತದೆ. ನಿಜವಾಗಿ ನನಗೆ ನೆನಪಿರುವುದು ಫೋನಿನಲ್ಲಿ ಆ ಮನುಷ್ಯ "ಎಲ್ಲಿದ್ದೀರಿ, ಎಲ್ಲಿದ್ದೀರಿ" ಎನ್ನುತ್ತಿದ್ದುದು. ಬೆರಳು ನೆನಪಿಲ್ಲ.

ಅವಳು ಮತ್ತೆ ಕೇಳಲಿಲ್ಲ.

ಕೆಲವು ವಾರ ಕಳೆದ ಮೇಲೆ, ಅಂಗಡಿಗೆ ರಜೆ ಇದ್ದ ಒಂದು ಬೆಳಿಗ್ಗೆ, ನಾನು ಪೇಪರು ಹಿಡಿದು ಸುಮ್ಮನೆ ಕೂತಿದ್ದೆ. ಅವಳು ದೇವರ ಮೂಲೆಯಲ್ಲಿ ಪೂಜೆಗೆ ಕೂತಿದ್ದಳು. ಕೊರಳಲ್ಲಿರುವ ಬೆಳ್ಳಿಯ ಕರಡಿಗೆಯನ್ನು ಬಿಚ್ಚಿ, ಒಳಗಿನ ಇಷ್ಟಲಿಂಗವನ್ನು ಎಡಗೈಯ ಮೇಲಿಟ್ಟುಕೊಂಡು, ವಿಭೂತಿ ಹಚ್ಚಿ, ನೀರು ಬಿಟ್ಟು, ಒಂದು ಹೂವಿನ ಎಸಳು ಇಟ್ಟು ಕಣ್ಣು ಮುಚ್ಚಿದಳು. ಮದುವೆಯಾದಾಗಿನಿಂದ ದಿನವೂ ನೋಡುತ್ತ ಬಂದದ್ದು. ನನ್ನ ಕೊರಳಲ್ಲೂ ಒಂದು ಇದೆ, ನಾನು ಅಷ್ಟು ನಿಷ್ಠೆಯವನಲ್ಲ. ಪೂಜೆ ಮುಗಿಸಿ, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ಕರಡಿಗೆಯ ಮುಚ್ಚಳ ಹಾಕಿ ಕೈ ಬಿಟ್ಟಳು. ಚಿಕ್ಕ ಕೋಳಿಮೊಟ್ಟೆಯಷ್ಟಿರುವ ಆ ಬೆಳ್ಳಿ ಶಿವದಾರದ ಉದ್ದಕ್ಕೆ ಇಳಿದು ಎದೆಗೆ ಬಡಿಯಿತು. ನೇರವಾಗಿ ಶೀಟಿನ ಕೆಳತುದಿಗೆ. ಅವಳು ಎದ್ದಳು, ಬಗ್ಗಿ ತಂಬಿಗೆ ಎತ್ತಿಕೊಂಡಳು. ಕರಡಿಗೆ ಅಲ್ಲೇ ಆಚೆ ಈಚೆ ಉಜ್ಜಿತು.

ಮಿಂಚು ಹೊಳೆದಂತೆ ತಿಳಿಯಿತು ಎಂದೇನೂ ಅಲ್ಲ. ಪೇಪರು ಓದುತ್ತಲೇ ಇದ್ದೆ. ಪುಟ ತಿರುಗಿಸಿದ ಮೇಲೆ ತಿಳಿಯಿತು.

"ಅದು ಅಲ್ಲೇ ತಾಗ್ತೈತಲ್ಲ."

"ಯಾವುದು?"

"ಕರಡಿಗೆ. ಗಾಯಕ್ಕೆ. ಡಾಕ್ಟ್ರು ಏನೂ ತಾಗಬಾರ್ದು ಅಂದಿದ್ರು."

ಅವಳು ನಿಜಕ್ಕೂ ಅರ್ಥವಾಗದವಳಂತೆ ನನ್ನನ್ನು ನೋಡಿದಳು. "ಅವ್ರು ಒಡವೆ ತೆಗೀರಿ ಅಂದ್ರು. ಇದು ಒಡವೆನಾ?"

ಅಲ್ಲ. ನಮ್ಮ ಮನೆಗಳಲ್ಲಿ ಅದನ್ನು ಒಡವೆಯೊಂದಿಗೆ ಎಣಿಸುವುದಿಲ್ಲ. ಎಣಿಸುವುದೇ ಇಲ್ಲ. ಮಗು ಹುಟ್ಟಿದಾಗ ಕಟ್ಟುತ್ತಾರೆ, ಸತ್ತಾಗ ಅಂಗೈಯಲ್ಲಿ ಇಡುತ್ತಾರೆ, ಮಧ್ಯದಲ್ಲಿ ಅದು ಮೈಯ ಒಂದು ಭಾಗ. ಮಲಗುವಾಗ ಎಡಗೈಯಿಂದ ಅದನ್ನು ಭುಜದ ಹಿಂದಕ್ಕೆ ಸರಿಸಿಕೊಳ್ಳುವುದು ಅವಳಿಗೆ ಬಾಲ್ಯದ ಅಭ್ಯಾಸ. ಚಾಪೆಯ ಮೇಲೆ ಮಲಗುವಾಗಲೂ ಹಾಗೆಯೇ, ಡಾಕ್ಟರ ಮೇಜಿನ ಮೇಲೆ ಮಲಗುವಾಗಲೂ ಹಾಗೆಯೇ. ಡಾಕ್ಟರಿಗೆ ಕಂಡದ್ದು ಖಾಲಿ ಎದೆ. ನನಗೆ ಕಾಣುತ್ತಿದ್ದುದೂ ಖಾಲಿ ಎದೆ. ಎದ್ದು ನಿಂತ ಕೂಡಲೇ ಅದು ತನ್ನ ಜಾಗಕ್ಕೆ ಬಂದು ಇಡೀ ದಿನ ಉಜ್ಜುತ್ತಿತ್ತು. ಅಷ್ಟು ತಿಂಗಳು ಕೊಡ ಎತ್ತದೆ, ಅಟ್ಟಕ್ಕೆ ಕೈ ಚಾಚದೆ, ಸರ ಬಿಚ್ಚಿಟ್ಟು, ಇಬ್ಬರೂ ಸೇರಿ ಇದೊಂದನ್ನು ಗಮನಿಸದೆ ಬಿಟ್ಟಿದ್ದೆವು.

ಶೀಟು ತೆಗೆದು ಒತ್ತಿ ನೋಡಿದೆ. ಮೇಲಿನ ಭಾಗ ಮೆತ್ತಗೆ, ಚಪ್ಪಟೆ. ಕೆಳಗೆ ಒಂದು ಅಂಗುಲ ಉಬ್ಬಿತ್ತು. ಈ ಸಲ ಬೆರಳು ಚೆನ್ನಾಗಿ ನೆನಪಿದೆ. ಹುಣಸೆಬೀಜ ಒತ್ತಿದಂತಿತ್ತು.

"ತೋಳಿಗೆ ಕಟ್ಕೋ," ಎಂದೆ. "ಎಷ್ಟೋ ಜನ ಕಟ್ಕೊಂತಾರೆ."

"ಗಂಡಸ್ರು ಕಟ್ಕೊಂತಾರೆ, ಹೊಲದಾಗೆ ಕೆಲಸ ಮಾಡೋರು. ನಮ್ಮಜ್ಜಿ ಎದಿಗೆ ಕಟ್ಟಿದ್ದಿದು. ಅಲ್ಲಿಲ್ಲಾಂದ್ರೆ ಮನಿ ಬಾಗ್ಲು ಹಾಕದೆ ಬಂದಂಗೆ ಆಗ್ತೈತೆ ನನಗೆ."

"ಹಂಗಾದ್ರೆ ಮತ್ತೆ ಉಬ್ಬಲಿ ಬಿಡು."

ಇದನ್ನು ಹೇಳಬಾರದಿತ್ತು. ಹೇಳಿದೆ. ಅವಳು ಎರಡು ದಿನ ಊಟಕ್ಕೆ ಕರೆದಳು, ಬಡಿಸಿದಳು, ಬೇರೆ ಮಾತಿಲ್ಲ. ಮೂರನೆಯ ದಿನ, "ತವರಿಗೆ ಹೋಗಿ ಅವ್ವನ್ನ ಕೇಳಿ ಬರಾಣ," ಎಂದಳು.

ಅವಳ ತವರು ಮೊಳಕಾಲ್ಮೂರು. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ, ಬಿಸಿಲು ತಾಗದಂತೆ ಸೆರಗು ಹೊದ್ದು. ದಾರಿಯ ಗುಂಡುಕಲ್ಲುಗಳು ಎಂದಿನಂತೆಯೇ ಇದ್ದವು. ಅವುಗಳ ಬಗ್ಗೆ ಹೇಳುವುದೇನೂ ಇಲ್ಲ. ಅತ್ತೆಯ ಮನೆ ಸೀರೆ ನೇಯುವವರ ಬೀದಿಯಲ್ಲಿದೆ. ಪಕ್ಕದ ಮನೆಯ ಮಗ್ಗ ಗೋಡೆಯಾಚೆ ಲಟಪಟ ಅನ್ನುತ್ತಲೇ ಇರುತ್ತದೆ. ಆ ಸದ್ದು ನಿಂತರೆ ಅತ್ತೆಗೆ ನಿದ್ದೆ ಬರುವುದಿಲ್ಲವಂತೆ.

"ಬರ್ರಿ ಅಳಿಯಾರೆ. ಏನಿದು, ಇಬ್ರೂ ಸೂತಕದ ಮನಿಗೆ ಬಂದಂಗೆ ಬಂದೀರಿ?"

"ಅವ್ವಾ, ಇವ್ರು ಲಿಂಗ ತೆಗಿ ಅಂತಾರೆ."

"ತೆಗಿ ಅಂದಿಲ್ಲ ಅತ್ತೆ, ತೋಳಿಗೆ ಕಟ್ಕೋ ಅಂದೆ."

ಅತ್ತೆ ಮಗಳನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಗಾಯ ನೋಡಿ ಬಂದರು. ಬಂದು ಕೂತು ಎಲೆಗೆ ಸುಣ್ಣ ಹಚ್ಚಿದರು. ಹಚ್ಚುತ್ತಲೇ ಮಗಳನ್ನು ಕೇಳಿದರು, "ಆಪರೇಷನ್ ದಿನ ಎಲ್ಲಿತ್ತೇ ನಿನ್ನ ಲಿಂಗ?"

ನನಗೆ ಚೆನ್ನಾಗಿ ನೆನಪಿತ್ತು: ಅವಳು ಎಡಮುಷ್ಟಿಯಲ್ಲಿ ಅದನ್ನು ಬಿಗಿಯಾಗಿ ಹಿಡಿದಿದ್ದಳು, ನರ್ಸು ಬೆರಳು ಬಿಡಿಸಲು ನೋಡುತ್ತಿದ್ದಳು. ಹಾಗೆಂದು ಹೇಳಿದೆ.

"ನೀವೆಲ್ಲಿದ್ರಿ ಅಲ್ಲಿ?" ಎಂದರು ಅತ್ತೆ. "ನೀವು ಕೆಳಗೆ ಔಷಧಿ ಅಂಗಡಿ ಮುಂದೆ ಸಾಲಿನಾಗೆ ನಿಂತಿದ್ರಿ. ನರ್ಸಮ್ಮ ಬ್ಯಾಂಡೇಜ್ ಬಟ್ಟಿಲಿ ತೋಳಿಗೆ ಕಟ್ಟಿದ್ಲು. ನಾನೇ ನಿಂತು ಕಟ್ಟಿಸ್ದೆ." ಮತ್ತೆ ಮಗಳ ಕಡೆ ತಿರುಗಿದರು. "ಅವತ್ತು ಶಿವ ಏನ್ ಸಿಟ್ಟು ಮಾಡ್ಕೊಂಡ್ನಾ?"

"ಅವತ್ತು ನನಗೆ ಎಚ್ಚರ ಇರ್ಲಿಲ್ಲ."

"ನಿನಗಿರ್ಲಿಲ್ಲ. ಅವನಿಗಿತ್ತಲ್ಲ."

ಆ ಮುಷ್ಟಿ, ಆ ನರ್ಸು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾನು ಅಲ್ಲಿ ಇರಲೇ ಇಲ್ಲ.

ಹೆಂಡತಿ ಶಿವದಾರವನ್ನು ತಾನೇ ತಲೆಯ ಮೇಲಿಂದ ತೆಗೆದಳು. ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಅವ್ವನ ಕೈಗೆ ಕೊಟ್ಟಳು. ಅತ್ತೆ ಪಕ್ಕದ ಮನೆಯಿಂದ ಒಂದಿಷ್ಟು ರೇಷ್ಮೆ ಎಳೆ ತರಿಸಿ, ಹುರಿ ಮಾಡಿ ಅವಳ ತೋಳಿಗೆ ಕಟ್ಟಿದರು. ಗಂಟು ನಿಲ್ಲಲಿಲ್ಲ. ಬಿಗಿದರು, ಮತ್ತೆ ಜಾರಿತು. ಎಳೆ ಕೊಟ್ಟ ನೇಕಾರರ ಮನೆಯ ಹೆಂಗಸು ಬಾಗಿಲಲ್ಲೇ ನಿಂತು ನೋಡಿ ನಗುತ್ತ, ಅರ್ಧ ತೆಲುಗಿನಲ್ಲಿ ಅಂದಳು.

"ಪಟ್ಟು ದಾರಂ ಜಾರುತುಂದಿ ಅಕ್ಕಾ. ಊರಿಗೆಲ್ಲ ರೇಷ್ಮೆ ಉಡಿಸಿದ್ದು ಸಾಲ್ದಾ, ದೇವ್ರಿಗೂನಾ? ಹತ್ತಿ ಲಾಡಿ ಹಾಕ್ರಿ."

ಲಂಗದ ಲಾಡಿಯನ್ನು ದೇವರಿಗೆ ಹಾಕುವುದೇ ಎಂದು ಅತ್ತೆ ಗದರಿದರು. ಕೊನೆಗೆ ಹೊಸ ಹತ್ತಿ ಬಟ್ಟೆಯ ಅಂಚು ಹರಿದು ಅಗಲ ಪಟ್ಟಿ ಮಾಡಿ, ತೋಳಿಗೆ ಒತ್ತದಂತೆ ಕಟ್ಟಿದರು. ಬಸ್ಸಿನಲ್ಲಿ ವಾಪಸು ಬರುವಾಗ ಅವಳ ಬಲಗೈ ಮತ್ತೆ ಮತ್ತೆ ಎದೆಗೆ ಹೋಗಿ, ಅಲ್ಲಿ ಏನೂ ಸಿಗದೆ, ತೋಳಿಗೆ ಬರುತ್ತಿತ್ತು.

ಆ ವಾರವೇ ದಾವಣಗೆರೆಗೆ ಹೋದೆವು. ಡಾಕ್ಟರು ಒತ್ತಿ ನೋಡಿದರು. ಕರಡಿಗೆಯ ವಿಷಯ ಅವಳೇ ಹೇಳಿದಳು, ಅಪರಾಧ ಒಪ್ಪಿಕೊಳ್ಳುವ ದನಿಯಲ್ಲಿ ಅಲ್ಲ, ಊರಿನ ಹೆಸರು ಹೇಳುವಂತೆ. ಅವರು ಪೆನ್ನು ಕೆಳಗಿಟ್ಟರು.

"ಅದೊಂದರಿಂದಲೇ ಬಂತು ಅಂತ ಹೇಳಲ್ಲಮ್ಮ. ಎದೆ ಮೇಲೆ ಇದು ಸುಮ್ನೇನೂ ಬರುತ್ತೆ, ನಿಮ್ಮ ಚರ್ಮದ ಗುಣ ಅದು. ಆದ್ರೆ ಉಜ್ಜಾಟ ಅದಕ್ಕೆ ಮೇವು ಹಾಕಿದಂಗೆ." ಹೇಳಿ ನನ್ನ ಕಡೆ ತಿರುಗಿದರು. "ಗಟ್ಟಿಯಾಗಿ ಎಷ್ಟು ದಿನ ಆಯ್ತು?"

"ಒಂದು ಹತ್ತು ದಿನ ಸಾರ್," ಎಂದೆ.

"ಐದು ವಾರ ಆತ್ರಿ," ಎಂದಳು ಅವಳು. "ಬಿತ್ತನೆ ಟೈಮ್‌ನಾಗೆ ತುರಿಕೆ ಶುರುವಾತು. ಇವ್ರನ್ನ ಕೇಳಿದ್ದೆ. ಏನಿಲ್ಲ ಅಂದ್ರು."

ದೂರಿನ ದನಿ ಇರಲಿಲ್ಲ. ಇದ್ದಿದ್ದರೆ ನಾನು ಉತ್ತರ ಕೊಡಬಹುದಿತ್ತು.

"ಅವತ್ತೇ ಬಂದಿದ್ರೆ ಒಂದು ಇಂಜೆಕ್ಷನ್‌ಗೆ ಮುಗೀತಿತ್ತೇನೋ," ಎಂದರು ಡಾಕ್ಟರು. "ಈಗ ತಿಂಗಳಿಗೊಂದರಂತೆ ಮೂರೋ ನಾಲ್ಕೋ ಬೇಕಾಗುತ್ತೆ. ಆಮೇಲೆ ನೋಡೋಣ."

ಗಟ್ಟಿಯಾದ ಮಾಂಸದೊಳಗೆ ಔಷಧಿ ಸುಲಭಕ್ಕೆ ಇಳಿಯುವುದಿಲ್ಲ. ಡಾಕ್ಟರ ಹೆಬ್ಬೆರಳು ಸಿರಿಂಜನ್ನು ಒತ್ತಿ ಒತ್ತಿ ಬೆಳ್ಳಗಾಯಿತು. ಉಬ್ಬು ಕೂಡ ಬೆಳ್ಳಗಾಯಿತು. ಅವಳು ನನ್ನ ಅಂಗಿಯ ತೋಳನ್ನು ಹಿಡಿದು ಎಳೆದಳು, ಹೊಲಿಗೆ ಬಿಟ್ಟಿತು. ನನಗೆ ಅನ್ನಿಸಿದ್ದು ಕನಿಕರವಲ್ಲ, ಸುಸ್ತು. ಇನ್ನೂ ಮೂರು ಸಲ ಇಲ್ಲಿಗೆ ಬರಬೇಕಲ್ಲ ಎಂಬ ಸುಸ್ತು.

ನಾಲ್ಕು ಇಂಜೆಕ್ಷನ್ ಆಗಿದೆ. ಕೆಳಗಿನ ಆ ಅಂಗುಲ ಈಗ ಮೆತ್ತಗಾಗಿದೆ, ಪೂರ್ತಿ ಚಪ್ಪಟೆಯಾಗಿಲ್ಲ. ಬಣ್ಣ ಇನ್ನೂ ಬೇರೆ. ಬೆಳೆಯುತ್ತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಬೆಳೆಯುವುದಿಲ್ಲ ಎಂದು ಹೇಳಿಲ್ಲ. ಶೀಟು ಇನ್ನೂ ಕೆಲವು ತಿಂಗಳು ಇರಬೇಕು.

ಮೊದಲ ಇಂಜೆಕ್ಷನ್ ಆದ ಮರುದಿನ ಬೆಳಿಗ್ಗೆ ನಾನು ಶೀಟು ತೊಳೆದು ಒಣಗಿಸಿ ತಂದಾಗ ಚಾಪೆ ಹಾಸಿರಲಿಲ್ಲ. ಅವಳು ಕಿಟಕಿಯ ಬೆಳಕಿಗೆ ಗೋಡೆಯ ಕನ್ನಡಿಯ ಮುಂದೆ ನಿಂತು ಗಾಯವನ್ನು ತನ್ನ ಬೆರಳಿನಿಂದಲೇ ಒಂದೊಂದು ಕೂದಲಿನಷ್ಟು ಸರಿಸುತ್ತ ಒತ್ತಿ ನೋಡುತ್ತಿದ್ದಳು.

"ಇಲ್ಲಿ ಕೊಡ್ರಿ," ಎಂದು ಕೈ ಚಾಚಿದಳು. "ಇನ್ನು ನಾನೇ ನೋಡ್ಕೊಂತೀನಿ."

"ಇನ್ನೊಬ್ರು ನೋಡ್ಬೇಕು ಅಂದಿದ್ರಲ್ಲ ಡಾಕ್ಟ್ರು."

"ಅಂದಿದ್ರು," ಎಂದಳು. "ನಿಮಗೆ ಅಂಗಡಿಗೆ ಹೊತ್ತಾಗ್ತೈತೆ, ಹೋಗ್ರಿ."

ಕೊಟ್ಟೆ. ಅವಳು ಅಂಟಿಸಿದ್ದು ನಾನು ಅಂಟಿಸುತ್ತಿದ್ದುದಕ್ಕಿಂತ ನೀಟಾಗಿತ್ತು. ಒಂದು ಸುಕ್ಕಿರಲಿಲ್ಲ. ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಆ ಕ್ಷಣ ನನಗೆ ನೋವಾಯಿತು ಎಂದು ಬರೆದರೆ ಓದುವವರಿಗೂ ನನಗೂ ಹಿತವಾಗಿರುತ್ತಿತ್ತು. ನೋವು ಆಮೇಲೆ ಬಂತು, ಕೆಲವು ವಾರಗಳ ಮೇಲೆ, ಅದೂ ಬಿಟ್ಟು ಬಿಟ್ಟು. ಆ ಬೆಳಿಗ್ಗೆ ಆದದ್ದು ನೆಮ್ಮದಿ. ಅಂಗಡಿಯ ಬಾಗಿಲನ್ನು ಅರ್ಧ ಗಂಟೆ ಮೊದಲೇ ತೆಗೆದೆ.